ಸಿಡಿಸಿ ಸೈಬರ್, ನಾಸ್ 2.8.7: ಸಾಲಿನ ಕೊನೆಯ ಕೋಲನ್ ಎಲ್ಲಿಗೆ ಹೋಗತ್ತೆ? ಜೊತೆಗೆ ಕಂಟ್ರೋಲ್ ಡೇಟಾದ ಉಳಿದ ಪುರಾಣ

ಕಬ್ಬನ್‌ಪೇಟೆ_ಕಂಪೈಲರ್

ಸಿಡಿಸಿ, ಅಂದ್ರೆ ಕಂಟ್ರೋಲ್ ಡೇಟಾ ಕಂಪನಿಯ ಹಳೇ ದೊಡ್ಡ ಕಂಪ್ಯೂಟರ್ ಸೈಬರ್‌ನ ಅನುಕರಿಸೋ ಡಿಟಿಸೈಬರ್ ಎಮ್ಯುಲೇಟರ್‌ನಲ್ಲಿ, ಅದರ ಆಪರೇಟಿಂಗ್ ಸಿಸ್ಟಮ್ ನಾಸ್ 2.8.7 ಓಡಿಸ್ತಿರೋರು ಯಾರಾದ್ರೂ ಇದ್ರೆ ಎರಡು ಪ್ರಶ್ನೆ.

ಒಂದು, ಟೆಲ್ನೆಟ್‌ನಲ್ಲಿ ಲಾಗಿನ್ ಆಗಿ ಟೈಪ್ ಮಾಡಿದ ಫೈಲನ್ನ ಮತ್ತೆ ತೆರೆದು ನೋಡಿದ್ರೆ ಸಾಲಿನ ಕೊನೇಲಿರೋ ಕೋಲನ್ ಹೋಗಿರತ್ತೆ. ಎಲ್ಲ ಸಾಲಲ್ಲೂ ಅಲ್ಲ, ಕೆಲವು ಕಡೆ ಉಳಿದಿದೆ. ಎರಡು ಕೋಲನ್ ಒತ್ತಟ್ಟಿಗೆ ಬಂದ ಒಂದು ಜಾಗದಲ್ಲಂತೂ ಸಾಲೇ ಎರಡು ತುಂಡಾಗಿದೆ. ಟರ್ಮಿನಲ್ ಸೆಟ್ಟಿಂಗಾ, ಎಮ್ಯುಲೇಟರಿನ ದೋಷವಾ?

ಎರಡು, ಕಂಟ್ರೋಲ್ ಡೇಟಾ ಅಂದ್ರೆ 6600 ಸೂಪರ್‌ಕಂಪ್ಯೂಟರ್ ಮತ್ತು ಅದನ್ನ ವಿನ್ಯಾಸ ಮಾಡಿದ ಸೆಮೋರ್ ಕ್ರೇ, ಅಷ್ಟೇನಾ? 1972ರಲ್ಲಿ ಕ್ರೇ ಬಿಟ್ಟುಹೋದ ಮೇಲೆ ಆ ಕಂಪನೀಲಿ ಹೇಳಿಕೊಳ್ಳೋ ಅಂಥ ತಂತ್ರಜ್ಞಾನ ಏನಾದ್ರೂ ಉಳಿದಿತ್ತಾ?

ಅರವತ್ತುಬಿಟ್

ಎರಡೂ ಅಲ್ಲ ಸರ್, ಅದು ಯಂತ್ರದ ಹುಟ್ಟುಗುಣ. ಎಮ್ಯುಲೇಟರ್ ಸರಿಯಾಗೇ ಮಾಡ್ತಿದೆ.

ಸೈಬರ್‌ನ ಒಂದು ವರ್ಡ್ (ಮೆಮೊರಿಯ ಒಂದು ವಿಳಾಸದಲ್ಲಿ ಹಿಡಿಸೋ ತುಂಡು) 60 ಬಿಟ್. ಅಕ್ಷರಕ್ಕೆ 6 ಬಿಟ್, ಹಾಗಾಗಿ ವರ್ಡಿಗೆ 10 ಅಕ್ಷರ. ಈ ಸಂಕೇತಕ್ಕೆ ಡಿಸ್‌ಪ್ಲೇ ಕೋಡ್ ಅಂತ ಹೆಸರು. ಎ ಅಕ್ಷರ ಆಕ್ಟಲ್‌ನಲ್ಲಿ (ಎಂಟರ ಆಧಾರದ ಎಣಿಕೆಯಲ್ಲಿ) 01, ಝಡ್ 32, ಸೊನ್ನೆ 33, ಒಂಬತ್ತು 44, ಖಾಲಿ ಜಾಗ 55. ಕೋಲನ್‌ನ ಸಂಖ್ಯೆ 00. ಸಾಲು ಮುಗಿಯಿತು ಅನ್ನೋದಕ್ಕೆ ಬೇರೆ ಅಕ್ಷರವೇ ಇಲ್ಲ. ವರ್ಡಿನ ಕೊನೆಯ 12 ಬಿಟ್ ಸೊನ್ನೆಯಾಗಿದ್ರೆ ಸಾಲು ಮುಗೀತು ಅಂತ ಅರ್ಥ.

ಈಗ ‘ಹೆಸರು:’ ಅನ್ನೋದನ್ನ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದರೆ ಆರು ಅಕ್ಷರ, ಒಂದು ಕೋಲನ್. ಮೆಮೊರಿಯಲ್ಲಿ ಅದು ಹೀಗೆ ಕೂರತ್ತೆ:

10 05 23 01 22 25 00 00 00 00

ಏಳನೇ 00 ನಿಮ್ಮ ಕೋಲನ್, ಮುಂದಿನ ಮೂರು ಭರ್ತಿಯ ಸೊನ್ನೆ. ಓದುವ ಪ್ರೋಗ್ರಾಮಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಕೋಲನ್ ಸರಿಯಾಗಿ ಹತ್ತನೇ ಜಾಗಕ್ಕೆ ಬಂದು, ಒಂಬತ್ತನೇದು ಬೇರೆ ಅಕ್ಷರವಾಗಿದ್ರೆ ಕೊನೇಲಿ ಬರೀ 6 ಬಿಟ್ ಸೊನ್ನೆ. ಅದು ಸಾಲಿನ ಕೊನೆ ಅಲ್ಲ, ಕೋಲನ್ ಬದುಕತ್ತೆ. ಅದಕ್ಕೇ ‘ಕೆಲವು ಕಡೆ ಉಳಿದಿದೆ’. ಎರಡು ಕೋಲನ್ ಒಂಬತ್ತು, ಹತ್ತನೇ ಜಾಗದಲ್ಲೇ ಬಿದ್ದರೆ ಸಾಲು ಅಲ್ಲೇ ಕತ್ತರಿಸಿಹೋಗತ್ತೆ.

ಪರಿಹಾರ: ಲಾಗಿನ್ ಆದ ಕೂಡಲೇ ‘ಆಸ್ಕಿ’ ಆಜ್ಞೆ ಕೊಡಿ. ಆಗ ಫೈಲು 6/12 ಸಂಕೇತದಲ್ಲಿ (ಕೆಲವು ಅಕ್ಷರಕ್ಕೆ 6 ಬಿಟ್, ಕೆಲವಕ್ಕೆ 12) ಉಳಿಯತ್ತೆ. ಕೋಲನ್ 7404 ಆಗಿ ಎರಡು ಅಕ್ಷರದ ಜಾಗ ತಿನ್ನತ್ತೆ, ಆದರೆ ಮಾಯವಾಗಲ್ಲ. ಸಣ್ಣಕ್ಷರಗಳೂ ಹಾಗೇ, ಸಣ್ಣ ಎ ಅಂದರೆ 7601. ಆಸ್ಕಿ ಬೇಡ ಅಂದ್ರೆ ಕೋಲನ್ ಆದಮೇಲೆ ಒಂದು ಚುಕ್ಕಿ ಹಾಕಿ. ಖಾಲಿ ಜಾಗ ಹಾಕಿದರೂ ಆಗತ್ತೆ, ಆದರೆ ಕೆಲವು ಯುಟಿಲಿಟಿಗಳು ಸಾಲಿನ ಕೊನೆಯ ಖಾಲಿ ಜಾಗವನ್ನ ಉದುರಿಸಿಬಿಡತ್ವೆ, ಆಗ ಮತ್ತೆ ಅದೇ ಕಥೆ.

ಒಂದು ಎಚ್ಚರಿಕೆ. 6/12ರಲ್ಲಿ ಉಳಿಸಿದ ಫೋರ್ಟ್ರಾನ್ ಮೂಲವನ್ನ ಕಂಪೈಲರ್ ಆರಾರು ಬಿಟ್ಟಿನಂತೆ ಓದಿಕೊಂಡು ಹೋಗತ್ತೆ. ಅದಕ್ಕೆ 7404 ಅಂದರೆ ಎರಡು ವಿಚಿತ್ರ ಅಕ್ಷರ. ಪ್ರೋಗ್ರಾಮುಗಳನ್ನ ‘ನಾರ್ಮಲ್’ ಸ್ಥಿತಿಯಲ್ಲೇ ಬರೆಯಿರಿ, ಬರೀ ಪಠ್ಯಕ್ಕೆ ಆಸ್ಕಿ.

ಹಳೇಲೆಕ್ಕ

ಮೇಲಿನ ಉತ್ತರಕ್ಕೆ ಒಂದು ಬಾಲ. ಈ ವ್ಯವಸ್ಥೆಯಲ್ಲಿ ಫೈಲಿನ ಹೆಸರು ಏಳು ಅಕ್ಷರ ಮೀರಬಾರದು ಎನ್ನುವ ನಿಯಮ ಇದೆಯಲ್ಲ, ಅದೂ ಇಲ್ಲಿಂದಲೇ ಬಂದದ್ದು. ಏಳು ಅಕ್ಷರ ಅಂದರೆ 42 ಬಿಟ್. ಉಳಿದದ್ದು 18. ಮೆಮೊರಿಯ ವಿಳಾಸ ಸರಿಯಾಗಿ 18 ಬಿಟ್. ಹೆಸರು ಮತ್ತು ವಿಳಾಸ ಎರಡನ್ನೂ ಒಂದೇ ವರ್ಡಿನಲ್ಲಿ ಕಟ್ಟಿಡಬಹುದು. ‘ಕನ್ನಡ’ ಎಂಬ ಹೆಸರಿನ ಫೈಲು ಮಾಡಿದರೆ ಇಂಗ್ಲಿಷ್‌ನಲ್ಲಿ ಅದಕ್ಕೆ ಏಳೇ ಅಕ್ಷರ: 13 01 16 16 01 04 01, ಆಮೇಲೆ ಆರು ಆಕ್ಟಲ್ ಅಂಕಿ ವಿಳಾಸಕ್ಕೋ ಸ್ಥಿತಿಸಂಕೇತಕ್ಕೋ. ‘ಕರ್ನಾಟಕ’ ಹಿಡಿಸುವುದಿಲ್ಲ, ಒಂಬತ್ತಾಗುತ್ತದೆ.

ಫೈಲ್ ತೆರೆದಾಗ ಪ್ರೋಗ್ರಾಮಿನೊಳಗೆ ಎಫ್‌ಇಟಿ ಎಂಬ ಕೋಷ್ಟಕ ಇರುತ್ತದೆ. ಅದರ ಮೊದಲ ವರ್ಡ್ ಇದೇ, 42 ಬಿಟ್ ಹೆಸರು, 18 ಬಿಟ್ ಸ್ಥಿತಿ. ಅದರ ಕೆಳಗೆ ಫರ್ಸ್ಟ್, ಇನ್, ಔಟ್, ಲಿಮಿಟ್ ಎಂಬ ನಾಲ್ಕು ಸೂಚಕಗಳು. ಬಫರು ವೃತ್ತಾಕಾರ. ಇನ್ ಮತ್ತು ಔಟ್ ಸಮವಾದರೆ ‘ಖಾಲಿ’ ಎಂದು ಅರ್ಥ ಇರುವುದರಿಂದ ಬಫರನ್ನು ಪೂರ್ತಿ ತುಂಬುವಂತಿಲ್ಲ, ಒಂದು ವರ್ಡ್ ಬಿಡಬೇಕು. ಡಿಸ್ಕಿನ ಒಂದು ಘಟಕ 64 ವರ್ಡ್, ಹಾಗಾಗಿ ಬಫರು ಕನಿಷ್ಠ 65 ವರ್ಡ್ ಇರಬೇಕು, ಆಕ್ಟಲ್‌ನಲ್ಲಿ 101. ಕಂಪಾಸ್ ಅಸೆಂಬ್ಲಿಯಲ್ಲಿ ಬರೆಯುವವರು 64 ಎಂದು ದುಂಡಗೆ ಕೊಟ್ಟು ಬಫರ್ ಆರ್ಗ್ಯುಮೆಂಟ್ ಎರರ್ ತಿನ್ನುವುದು ಇಲ್ಲೇ.

ಕಬ್ಬನ್‌ಪೇಟೆ_ಕಂಪೈಲರ್

ಆಸ್ಕಿ ಕೊಟ್ಟೆ, ಕೋಲನ್ ನಿಂತಿತು. ಥ್ಯಾಂಕ್ಸ್ ಸರ್. ಈಗ ಇನ್ನೊಂದು. ಟೇಪ್ ಡ್ರೈವನ್ನ ಬೇರೆ ಚಾನೆಲ್‌ಗೆ (ಸಲಕರಣೆ ಜೋಡಿಸೋ ದಾರಿಗೆ) ಹಾಕೋಣ ಅಂತ ಸಂರಚನಾ ಫೈಲಲ್ಲಿ ಸಲಕರಣೆಗಳ ಪಟ್ಟಿ ಬದಲಾಯಿಸಿದ್ರೆ ಡೆಡ್‌ಸ್ಟಾರ್ಟ್, ಅಂದ್ರೆ ಬೂಟ್, ಆಗೋದೇ ಇಲ್ಲ. ತಪ್ಪು ಸಂದೇಶವೂ ಬರಲ್ಲ, ಕನ್ಸೋಲ್ ಕಪ್ಪಗೇ ಇರತ್ತೆ.

ಅರವತ್ತುಬಿಟ್

ಡೆಡ್‌ಸ್ಟಾರ್ಟ್ ಪ್ಯಾನೆಲ್ಲಿನ ಅಂಕಿಗಳನ್ನ ಬದಲಾಯಿಸಿಲ್ಲ, ಅದಕ್ಕೆ.

ಅಸಲಿ ಯಂತ್ರದಲ್ಲಿ ಅದು ಸ್ವಿಚ್ಚುಗಳ ಹಲಗೆ. 12 ಸಾಲು, ಸಾಲಿಗೆ 12 ಸ್ವಿಚ್. ಒಂದೊಂದು ಸಾಲೂ 12 ಬಿಟ್ಟಿನ ಒಂದು ವರ್ಡ್. ಗುಂಡಿ ಒತ್ತಿದರೆ ಆ 12 ವರ್ಡ್ ಸೊನ್ನೆ ನಂಬರಿನ ಪೆರಿಫೆರಲ್ ಪ್ರೊಸೆಸರ್ (ಇನ್‌ಪುಟ್-ಔಟ್‌ಪುಟ್ ನೋಡಿಕೊಳ್ಳೋ ಸಣ್ಣ ಪ್ರೊಸೆಸರ್) ಒಳಗೆ ಹೋಗಿ ಅದು ಓಡೋಕೆ ಶುರು ಮಾಡತ್ತೆ. ಇಡೀ ಬೂಟ್ ಪ್ರೋಗ್ರಾಮು ಅಷ್ಟೇ. ಎಮ್ಯುಲೇಟರ್‌ನಲ್ಲಿ ಅದೇ 12 ಅಂಕಿಗಳು ಸಂರಚನಾ ಫೈಲಿನ ಡೆಡ್‌ಸ್ಟಾರ್ಟ್ ಭಾಗದಲ್ಲಿ ಸಾಲಾಗಿ ಇರ್ತವೆ.

ಅವನ್ನ ಎರಡೆರಡು ಅಂಕಿಯಾಗಿ ಒಡೆದು ಓದಿ. ಉದಾಹರಣೆಗೆ 7713 ಅಂದ್ರೆ 77 ‘ಸಾಧನಕ್ಕೆ ಫಂಕ್ಷನ್ ಕಳಿಸು’, 13 ಚಾನೆಲ್ ನಂಬರು. 74 ಚಾನೆಲ್ ಚಾಲೂ ಮಾಡು, 75 ಚಾನೆಲ್ ಬಿಡು, 71 ಒಂದು ಗುಂಪು ವರ್ಡ್ ಒಳಗೆ ತಗೋ, 73 ಹೊರಗೆ ಕಳಿಸು. ನೀವು ಟೇಪನ್ನ 13ರಿಂದ 12ಕ್ಕೆ ಸರಿಸಿದ್ರೆ 7713, 7413, 7113, 7553ರ ಥರದವುಗಳಲ್ಲಿ ಯಾವುದರ ಕೊನೆಯ ಎರಡಂಕಿ ಟೇಪ್ ಚಾನೆಲ್ ಅಂತ ನೋಡಿ ಅಷ್ಟನ್ನ ಬದಲಾಯಿಸಬೇಕು. 7553ಯಲ್ಲಿ 53 ಅಂದ್ರೆ 13ರ ಜೊತೆ ಒಂದು ಹೆಚ್ಚುವರಿ ಬಿಟ್, ಅದು 52 ಆಗತ್ತೆ. ಎಲ್ಲವೂ ಆಕ್ಟಲ್ ಅನ್ನೋದು ನೆನಪಿರಲಿ. 8, 9 ಕಂಡರೆ ಎಲ್ಲೋ ಎಡವಟ್ಟಾಗಿದೆ.

ಸಂದೇಶ ಯಾಕೆ ಬರಲ್ಲ ಅಂದ್ರೆ, ಸಂದೇಶ ಬರೆಯೋ ಪ್ರೋಗ್ರಾಮೇ ಇನ್ನೂ ಟೇಪಿನಲ್ಲಿದೆ.

ಮಲೆನಾಡ್_ಮಾಡೆಮ್

ಕನ್ಸೋಲ್ ಕಪ್ಪಗಿರುವುದಕ್ಕೂ ಕಾರಣ ಇದೇ ವಿನ್ಯಾಸದೊಳಗಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡನೇ ಪ್ರಶ್ನೆಗೂ ಇದು ಅರ್ಧ ಉತ್ತರ.

6600ರ (ಸೈಬರ್ ಅದರದೇ ವಂಶ) ಮುಖ್ಯ ಪ್ರೊಸೆಸರಿಗೆ ಇನ್‌ಪುಟ್-ಔಟ್‌ಪುಟ್ ಆಜ್ಞೆಯೇ ಇಲ್ಲ. ಒಂದೂ ಇಲ್ಲ. ಅದು ಲೆಕ್ಕ ಮಾತ್ರ ಮಾಡುತ್ತದೆ. ಡಿಸ್ಕು, ಟೇಪು, ಪ್ರಿಂಟರು, ಕನ್ಸೋಲು, ಅಷ್ಟೇ ಏಕೆ, ಆಪರೇಟಿಂಗ್ ಸಿಸ್ಟಮ್ಮಿನ ದೊಡ್ಡ ಪಾಲು ಕೂಡ 10 ಪೆರಿಫೆರಲ್ ಪ್ರೊಸೆಸರುಗಳ ತಲೆಗೆ. ಪ್ರತಿಯೊಂದಕ್ಕೂ 12 ಬಿಟ್ಟಿನ 4096 ವರ್ಡ್ ಸ್ವಂತ ಮೆಮೊರಿ. ಆದರೆ ಹತ್ತಕ್ಕೂ ಸೇರಿ ಲೆಕ್ಕ ಮಾಡುವ ಸರ್ಕ್ಯೂಟು ಒಂದೇ. ಪಂಕ್ತಿಯಲ್ಲಿ ಬಡಿಸುವವನಂತೆ ಅದು ಒಬ್ಬೊಬ್ಬರ ಮುಂದೆ 100 ನ್ಯಾನೊಸೆಕೆಂಡ್ ನಿಂತು ಮುಂದೆ ಸಾಗುತ್ತದೆ, 1000 ನ್ಯಾನೊಸೆಕೆಂಡಿಗೆ ಒಂದು ಸುತ್ತು. ಕೋರ್ ಮೆಮೊರಿಯ ಆವರ್ತನವೂ ಅಷ್ಟೇ ಇದ್ದುದರಿಂದ ಯಾರಿಗೂ ಕಾಯುವ ಕೆಲಸ ಇಲ್ಲ. ಒಂದು ಸರ್ಕ್ಯೂಟಿನ ಖರ್ಚಿಗೆ ಹತ್ತು ಕಂಪ್ಯೂಟರು ಸಿಕ್ಕಿದ ಹಾಗಾಯಿತು.

ಪ್ರೋಗ್ರಾಮಿಗೆ ಫೈಲ್ ಓದಬೇಕೆಂದರೆ ತನ್ನ ಮೆಮೊರಿಯ ಒಂದನೇ ವಿಳಾಸದಲ್ಲಿ ಬೇಡಿಕೆ ಬರೆದಿಟ್ಟು ಕಾಯುತ್ತದೆ. ಸೊನ್ನೆ ನಂಬರಿನ ಪೆರಿಫೆರಲ್‌ನಲ್ಲಿ ಓಡುವ ಎಂಟಿಆರ್ ಎಂಬ ಮಾನಿಟರು ಅದನ್ನು ಕಂಡು ಬೇರೆ ಪೆರಿಫೆರಲ್‌ಗೆ ಹಂಚುತ್ತದೆ. ಮುಖ್ಯ ಪ್ರೊಸೆಸರಿನಲ್ಲಿ ಕೆಲಸ ಬದಲಾಯಿಸಲು ಎಕ್ಸ್‌ಚೇಂಜ್ ಜಂಪ್: 16 ವರ್ಡಿನ ಒಂದು ಪೊಟ್ಟಣ, ಎಲ್ಲ ರಿಜಿಸ್ಟರುಗಳೂ ಒಂದೇ ಏಟಿಗೆ ಒಳಗೆ, ಹಳೆಯವು ಹೊರಗೆ.

ಕನ್ಸೋಲಿನ ಎರಡು ದುಂಡು ಪರದೆಗೆ ತನ್ನದೇ ಮೆಮೊರಿ ಇರಲಿಲ್ಲ. ಡಿಎಸ್‌ಡಿ ಎಂಬ ಪ್ರೋಗ್ರಾಮು ಒಂದು ಪೆರಿಫೆರಲ್‌ನಲ್ಲಿ ಕೂತು ಅಕ್ಷರಗಳನ್ನು ಮತ್ತೆ ಮತ್ತೆ ಬಿಡಿಸುತ್ತಲೇ ಇರಬೇಕು. ಅದು ನಿಂತರೆ ಪರದೆ ಕಪ್ಪು. ಹಾಗಾಗಿ ಕಪ್ಪು ಪರದೆ ಎಂದರೆ ‘ಡಿಎಸ್‌ಡಿ ಇನ್ನೂ ಬಂದಿಲ್ಲ ಅಥವಾ ಸತ್ತಿದೆ’ ಎಂದೇ ಓದಿಕೊಳ್ಳಬೇಕು. ಮುಖ್ಯ ಪ್ರೊಸೆಸರ್ ಆರೋಗ್ಯವಾಗೇ ಇರಬಹುದು.

ಈ ಪೆರಿಫೆರಲ್‌ನ ಮೂಲ ಎಲ್ಲಿ ಎಂದು ನೋಡಿದರೆ ಕಂಪನಿಯದೇ 160 ಎಂಬ ಮೇಜಿನ ಗಾತ್ರದ 12 ಬಿಟ್ ಯಂತ್ರ. ಅದರ ಆಜ್ಞೆಗಳ ವಂಶವೇ ಇದು.

ಸಾಗರದಾಚೆ

160ರ ಮಾತು ಬಂತು, ಹಾಗಾಗಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಬಂದದ್ದು ಸಿಡಿಸಿ 3600, ಜೊತೆಗೆ 160-ಎ. 3600ಕ್ಕೆ 48 ಬಿಟ್ಟಿನ ವರ್ಡು, 1.5 ಮೈಕ್ರೊಸೆಕೆಂಡಿನ ಕೋರ್ ಮೆಮೊರಿ. ಪಕ್ಕದ ಸಣ್ಣ ಯಂತ್ರ ಕಾರ್ಡು, ಟೇಪು, ಪ್ರಿಂಟರಿನ ನಿಧಾನದ ಚಾಕರಿಗೆ. ದೊಡ್ಡದಕ್ಕೆ ಲೆಕ್ಕ, ಚಿಕ್ಕದಕ್ಕೆ ಚಾಕರಿ. ಅದೇ ವರ್ಷ ಹೊರಬಂದ 6600ರಲ್ಲಿ ಅದೇ ಏರ್ಪಾಡು ಒಂದೇ ಕಪಾಟಿನೊಳಗೆ ಸೇರಿತು, ಅಷ್ಟೇ.

ಕಬ್ಬನ್‌ಪೇಟೆ_ಕಂಪೈಲರ್

6600ರಲ್ಲಿ ಲೆಕ್ಕ ಮಾಡೋ ಹತ್ತು ಫಂಕ್ಷನಲ್ ಯೂನಿಟ್, ಅವನ್ನ ಹೊಂದಿಸೋ ಸ್ಕೋರ್‌ಬೋರ್ಡ್ ಇವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇ. ಪ್ರೋಗ್ರಾಮ್ ಬರೆಯೋರಿಗೆ ಅದರಿಂದ ಕೈಗೆ ತಾಗೋ ಅಂಥದ್ದು ಏನಿತ್ತು?

ಹಳೇಲೆಕ್ಕ

ಬಹಳ ಇತ್ತು. ಮುಖ್ಯವಾದ ನಾಲ್ಕು ಹೇಳುತ್ತೇನೆ. ಮೊದಲನೆಯದು ಎಮ್ಯುಲೇಟರಿನಲ್ಲಿ ಕಾಣುವುದಿಲ್ಲ.

131,072 ವರ್ಡಿನ ಪೂರ್ಣ ಮೆಮೊರಿ 32 ಬ್ಯಾಂಕುಗಳಲ್ಲಿ ಹಂಚಿದೆ. ಅಕ್ಕಪಕ್ಕದ ವಿಳಾಸ ಅಕ್ಕಪಕ್ಕದ ಬ್ಯಾಂಕಿಗೆ. ಒಂದು ಬ್ಯಾಂಕನ್ನು ಮುಟ್ಟಿದರೆ ಅದು 1000 ನ್ಯಾನೊಸೆಕೆಂಡ್ ಸಿಗುವುದಿಲ್ಲ. ಸಾಲಾಗಿ ಹೋದರೆ ತೊಂದರೆಯಿಲ್ಲ, 100 ನ್ಯಾನೊಸೆಕೆಂಡಿಗೊಂದು ವರ್ಡು ಬರುತ್ತಿರುತ್ತದೆ. ಆದರೆ ಫೋರ್ಟ್ರಾನ್‌ನಲ್ಲಿ ಎ(64,64) ಎಂದು ಸರಣಿ ಘೋಷಿಸಿ ಎರಡನೇ ಸೂಚ್ಯಂಕವನ್ನು ಒಳಲೂಪಿನಲ್ಲಿ ಓಡಿಸಿದರೆ ಪ್ರತಿ ಹೆಜ್ಜೆಯೂ 64 ವರ್ಡು. 64ನ್ನು 32ರಿಂದ ಭಾಗಿಸಿದರೆ ಶೇಷ ಸೊನ್ನೆ, ಅಂದರೆ ಪ್ರತಿ ಸಲವೂ ಅದೇ ಬ್ಯಾಂಕು. ಮೆಮೊರಿಯ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮದ್ದು ಬಹಳ ಅಗ್ಗ: ಎ(65,64) ಎಂದು ಘೋಷಿಸಿ. 64 ವರ್ಡು ಹೆಚ್ಚು ಖರ್ಚು, ಪ್ರತಿ ಹೆಜ್ಜೆಗೂ ಹೊಸ ಬ್ಯಾಂಕು. ಇವತ್ತಿನ ಕ್ಯಾಶ್‌ಗಳಲ್ಲೂ ಎರಡರ ಘಾತದ ಅಳತೆ ತಪ್ಪಿಸಿ ಎನ್ನುವುದು ಇದೇ ಕಾರಣಕ್ಕೆ.

ಎರಡನೆಯದು ಇನ್‌ಸ್ಟ್ರಕ್ಷನ್ ಸ್ಟ್ಯಾಕ್. 8 ವರ್ಡು. ಆಜ್ಞೆಗಳು 15 ಅಥವಾ 30 ಬಿಟ್, ವರ್ಡಿಗೆ ಗರಿಷ್ಠ ನಾಲ್ಕು. ಲೂಪು ಅದರೊಳಗೆ ಹಿಡಿಸಿದರೆ ಆಜ್ಞೆ ತರಲು ಮೆಮೊರಿಗೆ ಹೋಗುವ ಕೆಲಸವೇ ಇಲ್ಲ. ತೊಡಕು ಏನೆಂದರೆ, ತನ್ನನ್ನು ತಾನೇ ತಿದ್ದಿಕೊಳ್ಳುವ ಪ್ರೋಗ್ರಾಮು ಮೆಮೊರಿಯಲ್ಲಿ ಆಜ್ಞೆ ಬದಲಾಯಿಸಿದರೂ ಸ್ಟ್ಯಾಕಿನೊಳಗಿನ ಹಳೆಯದೇ ಓಡುತ್ತದೆ. ರಿಟರ್ನ್ ಜಂಪ್ ಕೊಟ್ಟರೆ ಸ್ಟ್ಯಾಕು ಖಾಲಿಯಾಗುತ್ತದೆ, ಅದಕ್ಕಾಗಿ ಅದನ್ನು ನಡುವೆ ತುರುಕುತ್ತಿದ್ದರು. ಆ ರಿಟರ್ನ್ ಜಂಪ್ ಇನ್ನೊಂದು ವಿಚಿತ್ರ: ಸಬ್‌ರುಟೀನಿನ ಮೊದಲ ವರ್ಡಿನಲ್ಲೇ ಮರಳುವ ಜಂಪನ್ನು ಬರೆದು ಎರಡನೇ ವರ್ಡಿನಿಂದ ಓಡುತ್ತದೆ. ತನ್ನನ್ನೇ ತಾನು ಕರೆದರೆ ಹಳೆಯ ಮರಳುದಾರಿ ಅಳಿದುಹೋಯಿತು.

ಮೂರನೆಯದು ರಿಜಿಸ್ಟರು. ಎ, ಬಿ, ಎಕ್ಸ್ ಎಂದು ಎಂಟೆಂಟು. ಲೋಡ್, ಸ್ಟೋರ್ ಎಂಬ ಆಜ್ಞೆಗಳೇ ಇಲ್ಲ. ಎ1ರಿಂದ ಎ5ರವರೆಗೆ ಯಾವುದಕ್ಕೆ ವಿಳಾಸ ಹಾಕಿದರೂ ಅದೇ ನಂಬರಿನ ಎಕ್ಸ್‌ಗೆ ಮೆಮೊರಿಯಿಂದ ಮೌಲ್ಯ ಬರುತ್ತದೆ. ಎ6, ಎ7ಕ್ಕೆ ಹಾಕಿದರೆ ಎಕ್ಸ್6, ಎಕ್ಸ್7ರಿಂದ ಮೆಮೊರಿಗೆ ಹೋಗುತ್ತದೆ. ಬಿ0 ಯಾವಾಗಲೂ ಸೊನ್ನೆ. ಹೊಸಬರು ಎ6ನ್ನು ಸುಮ್ಮನೆ ಎಣಿಕೆಗೆ ಬಳಸಿ ಮೆಮೊರಿಯಲ್ಲಿ ಎಲ್ಲೆಂದರಲ್ಲಿ ಬರೆದುಬಿಡುತ್ತಾರೆ. ಎಣಿಕೆಗೆ ಬಿ ಇದೆ, ಅದನ್ನೇ ಬಳಸಿ.

ನಾಲ್ಕನೆಯದು ಅಂಕಗಣಿತ, ಇಲ್ಲೇ ಹೆಚ್ಚು ಜನ ಬೀಳುವುದು. ಫ್ಲೋಟಿಂಗ್ ಪಾಯಿಂಟಿನಲ್ಲಿ 48 ಬಿಟ್ ಅಂಕಿ, 11 ಬಿಟ್ ಘಾತ, ಸುಮಾರು 14 ದಶಮಾಂಶ ಸ್ಥಾನ. ಐಬಿಎಂ 360ರ ಒಂಟಿ ನಿಖರತೆ ಸಾಲದೆ ಡಬಲ್ ಪ್ರಿಸಿಷನ್ ಹಾಕಿ ಬರೆದ ಪ್ರೋಗ್ರಾಮನ್ನು ಹಾಗೇ ತಂದು ಇಲ್ಲಿ ಓಡಿಸಿದರೆ ಸುಮ್ಮನೆ ನಿಧಾನ. ‘ಡಬಲ್’ ತೆಗೆದರೆ ಸಾಕು, ಬಹುತೇಕ ಕೆಲಸಕ್ಕೆ ಒಂಟಿಯೇ ಧಾರಾಳ. ಪೂರ್ಣಾಂಕದ ಕೂಡು-ಕಳೆ 60 ಬಿಟ್ಟಿನಲ್ಲಿ ನಡೆಯುತ್ತದೆ, ಗುಣಾಕಾರ ಮಾತ್ರ 48 ಬಿಟ್ಟಿನಲ್ಲಿ. 281,474,976,710,656 ದಾಟಿದ ಗುಣಲಬ್ಧ ಸದ್ದಿಲ್ಲದೆ ತಪ್ಪಾಗುತ್ತದೆ. ದೋಷ ಸಂದೇಶವೂ ಇಲ್ಲ.

ಅರವತ್ತುಬಿಟ್

ಮೈನಸ್ ಸೊನ್ನೆ ಬಿಟ್ಟರಲ್ಲ ಗುರುಗಳೇ.

ಒನ್ಸ್ ಕಾಂಪ್ಲಿಮೆಂಟ್ (ಬಿಟ್‌ಗಳನ್ನೆಲ್ಲ ತಿರುವಿದರೆ ಋಣಸಂಖ್ಯೆ) ಆದ್ದರಿಂದ ಇಪ್ಪತ್ತು ಏಳುಗಳ ಸಾಲು ಅಂದರೆ ಮೈನಸ್ ಸೊನ್ನೆ. ಮಾಮೂಲಿ ಕೂಡು-ಕಳೆಯಲ್ಲಿ ಅದು ಹುಟ್ಟದ ಹಾಗೆ ಕೂಡುವ ಸರ್ಕ್ಯೂಟನ್ನ ಮಾಡಿದ್ದಾರೆ, ಎರಡೂ ಮೈನಸ್ ಸೊನ್ನೆ ಆಗಿದ್ರೆ ಮಾತ್ರ ಬರತ್ತೆ. ಆದರೆ ಬಿಟ್‌ಗಳನ್ನ ತಿರುವುಮುರುವು ಮಾಡೋ ಬೂಲಿಯನ್ ಆಜ್ಞೆಯಲ್ಲಿ ಸೊನ್ನೆಯನ್ನ ತಿರುವಿದರೆ ಹುಟ್ಟೇ ಹುಟ್ಟತ್ತೆ. ಎಕ್ಸ್ ರಿಜಿಸ್ಟರಿನ ‘ಸೊನ್ನೆಯಾ?’ ಪರೀಕ್ಷೆ ಎರಡನ್ನೂ ಸೊನ್ನೆ ಅಂತಲೇ ಒಪ್ಪತ್ತೆ. ‘ಋಣವಾ?’ ಪರೀಕ್ಷೆ ಬರೀ ಚಿಹ್ನೆಯ ಬಿಟ್ ನೋಡತ್ತೆ, ಹಾಗಾಗಿ ಮೈನಸ್ ಸೊನ್ನೆ ಋಣ ಅನ್ನತ್ತೆ. ಮೊದಲು ಸೊನ್ನೆ ಪರೀಕ್ಷೆ, ಆಮೇಲೆ ಋಣ. ಈ ಕ್ರಮ ತಪ್ಪಿಸಬೇಡಿ.

ಇನ್ನೊಂದು ಕೈಗೆ ಬರೋ ಉಪಾಯ. ಪ್ರೋಗ್ರಾಮನ್ನ ಮೆಮೊರಿಗೆ ತುಂಬೋ ಲೋಡರ್‌ಗೆ ಎಲ್‌ಡಿಸೆಟ್ ಆಜ್ಞೆಯಲ್ಲಿ ಪ್ರೀಸೆಟ್-ಎ ಆಯ್ಕೆ ಕೊಟ್ಟರೆ ಬಳಸದ ಮೆಮೊರಿಯೆಲ್ಲ ‘ಅನಂತ’ ಅಥವಾ ‘ಅನಿಶ್ಚಿತ’ ಮೌಲ್ಯದಿಂದ ತುಂಬತ್ತೆ, ಕೆಳಗಿನ ಬಿಟ್ಟುಗಳಲ್ಲಿ ಆ ಜಾಗದ ವಿಳಾಸವೂ ಇರತ್ತೆ. ಮೌಲ್ಯ ಹಾಕದ ವೇರಿಯಬಲ್ ಲೆಕ್ಕಕ್ಕೆ ಬಂದ ತಕ್ಷಣ ಪ್ರೋಗ್ರಾಮು ಬೀಳತ್ತೆ, ಯಾವ ವೇರಿಯಬಲ್ ಅಂತ ವಿಳಾಸವೇ ಹೇಳತ್ತೆ. ಡೇಫೈಲಿನಲ್ಲಿ (ಕೆಲಸದ ದಾಖಲೆ ಫೈಲು) ಬರೋ ಮೋಡ್ ನಂಬರು, ಅಂದರೆ ದೋಷದ ನಂಬರು, ಹೀಗೆ ಓದಿ: 1 ಅಂದರೆ ವಿಳಾಸ ಎಲ್ಲೆ ಮೀರಿದೆ, 2 ಅನಂತ, 4 ಅನಿಶ್ಚಿತ. ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದರೆ 4ರ ದಾರಿ.

ಸಾಗರದಾಚೆ

ಪ್ಯಾಸ್ಕಲ್ ಹುಟ್ಟಿದ್ದೂ ಈ ಯಂತ್ರದ ಮೇಲೇ. ನಿಕ್ಲಾಸ್ ವಿರ್ಟ್ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಮೊದಲ ಕಂಪೈಲರ್ ಮಾಡಿದ್ದು ಸಿಡಿಸಿ 6000 ಸರಣಿಗೆ. 10 ಅಕ್ಷರದ ‘ಆಲ್ಫಾ’ ಎಂಬ ಪ್ರಕಾರ ಅದರಲ್ಲಿ ಏಕೆ ಇತ್ತು, ಸೆಟ್‌ಗಳಲ್ಲಿ 59ಕ್ಕಿಂತ ಹೆಚ್ಚು ಸದಸ್ಯರು ಏಕೆ ಹಿಡಿಸುತ್ತಿರಲಿಲ್ಲ ಎನ್ನುವುದಕ್ಕೆ 60 ಬಿಟ್ಟಿನ ವರ್ಡೇ ಉತ್ತರ. ಭಾಷೆಯ ಪಠ್ಯದಲ್ಲಿ ಯಂತ್ರದ ಅಚ್ಚು.

ಹದಿನಾಲ್ಕಿಂಚು

ಪ್ರೊಸೆಸರ್ ಪುರಾಣ ಮುಗಿಯುವವರೆಗೆ ಕಾಯುತ್ತಿದ್ದೆ. ಎರಡನೇ ಪ್ರಶ್ನೆಗೆ ಉತ್ತರ ಬೇಕಾದರೆ ಡಿಸ್ಕಿಗೆ ಬನ್ನಿ.

ಕಂಟ್ರೋಲ್ ಡೇಟಾ ತನ್ನ ಪೆರಿಫೆರಲ್‌ಗಳನ್ನು ಪ್ರತಿಸ್ಪರ್ಧಿಗಳಿಗೇ ಮಾರುತ್ತಿತ್ತು. 1970ರ ದಶಕದ ಎಸ್‌ಎಂಡಿ, ಅಂದರೆ ಸ್ಟೋರೇಜ್ ಮಾಡ್ಯೂಲ್ ಡ್ರೈವ್, ಒಂದು ಉತ್ಪನ್ನವಾಗಿ ಹುಟ್ಟಿ ಉದ್ಯಮದ ಮಾನಕವಾಯಿತು. ಮಿನಿಕಂಪ್ಯೂಟರ್ ಮಾಡುವವರೆಲ್ಲ ಆ ಇಂಟರ್‌ಫೇಸ್ ಹಿಡಿದರು. ಫುಜಿತ್ಸು ಕೂಡ ಅದಕ್ಕೇ ಡ್ರೈವ್ ಮಾಡಿತು. ಸಿಡಿಸಿ ಮೇನ್‌ಫ್ರೇಮನ್ನು ಕಣ್ಣಿಂದ ನೋಡದವರೂ ಸಿಡಿಸಿ ಡಿಸ್ಕಿನ ಮೇಲೆ ಕೆಲಸ ಮಾಡಿದ್ದಾರೆ.

9766 ಮಾದರಿ ತೆಗೆದುಕೊಳ್ಳಿ. 14 ಇಂಚಿನ ತಟ್ಟೆಗಳ ತೆಗೆದಿಡಬಹುದಾದ ಪ್ಯಾಕು, 3600 ಆರ್‌ಪಿಎಂ, 19 ಡೇಟಾ ಹೆಡ್, ಒಂದು ಸರ್ವೊ ಹೆಡ್, 823 ಸಿಲಿಂಡರ್, ಟ್ರ್ಯಾಕಿಗೆ 20,160 ಬೈಟ್. ಗುಣಿಸಿದರೆ 315,241,920. ಹೆಸರಿಗೆ 300 ಎಂಬಿ. ಆದರೆ ಟ್ರ್ಯಾಕನ್ನು 32 ಸೆಕ್ಟರ್ ಮಾಡಿದರೆ ಒಂದಕ್ಕೆ 630 ಬೈಟ್ ಬರುತ್ತದೆ, ಅದರಲ್ಲಿ ಡೇಟಾ 512, ಉಳಿದ 118 ತಲೆಬರಹ, ಅಂತರ, ತಪ್ಪು ಹಿಡಿಯುವ ಸಂಕೇತಕ್ಕೆ. ಕೈಗೆ ಸಿಗುವುದು 256 ಎಂಬಿ. 80 ಎಂಬಿಯ 9762ರಲ್ಲಿ ಹೆಡ್ಡು ಐದು, ಉಳಿದದ್ದೆಲ್ಲ ಅದೇ.

ಜೋಡಣೆಯಲ್ಲಿ ಎಡವುವ ಜಾಗಗಳು:

ಎ ಕೇಬಲ್ 60 ತಂತಿ, ಒಂದು ಡ್ರೈವಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗುತ್ತದೆ. ಕೊನೆಯ ಡ್ರೈವಿನಲ್ಲಿ ಮಾತ್ರ ಟರ್ಮಿನೇಟರ್. ನಡುವಿನದರಲ್ಲಿ ಮರೆತು ಬಿಟ್ಟರೆ ಆಗೊಮ್ಮೆ ಈಗೊಮ್ಮೆ ಸೀಕ್ (ಹೆಡ್ಡನ್ನು ಟ್ರ್ಯಾಕಿಗೆ ಸರಿಸುವುದು) ತಪ್ಪುತ್ತದೆ, ಕಾರಣ ಹುಡುಕಿ ಸುಸ್ತಾಗುತ್ತೀರಿ. ಬಿ ಕೇಬಲ್ 26 ತಂತಿ, ಪ್ರತಿ ಡ್ರೈವಿಂದ ಕಂಟ್ರೋಲರಿಗೆ ನೇರ, ಡೇಟಾ ಮತ್ತು ಕ್ಲಾಕ್ ಅದರಲ್ಲಿ. ಬಿ ಕೇಬಲ್ ಅದಲುಬದಲಾದರೆ ಡ್ರೈವು ಆಜ್ಞೆ ಕೇಳುತ್ತದೆ, ಹೆಡ್ಡು ಸರಿಯುತ್ತದೆ, ಡೇಟಾ ಮಾತ್ರ ಬರುವುದಿಲ್ಲ. ಈ ಲಕ್ಷಣ ಕಂಡರೆ ಮೊದಲು ಅದನ್ನೇ ನೋಡಿ.

ಡ್ರೈವಿನ ನಂಬರು ಮುಂಭಾಗದ ಪ್ಲಗ್ಗಿನಲ್ಲಿದೆ. ಎರಡು ಡ್ರೈವಿಗೆ ಒಂದೇ ನಂಬರಿನ ಪ್ಲಗ್ ಹಾಕಿದರೆ ಎರಡೂ ಓಗೊಡುತ್ತವೆ. ಸೆಕ್ಟರ್ ಸಂಖ್ಯೆ ಡ್ರೈವಿನೊಳಗಿನ ಕಾರ್ಡಿನ ಸ್ವಿಚ್ಚುಗಳಲ್ಲಿ. ಅದು ಕಂಟ್ರೋಲರಿನ ಎಣಿಕೆಗೆ ತಾಳೆಯಾಗದಿದ್ದರೆ ಫಾರ್ಮ್ಯಾಟೇ ಆಗುವುದಿಲ್ಲ.

ಪ್ಯಾಕನ್ನು ಬೇರೆ ಕೋಣೆಯಿಂದ ತಂದ ತಕ್ಷಣ ಓದಲು ಹೋಗಬೇಡಿ. ಲೋಹ ಹಿಗ್ಗುತ್ತದೆ, ಕುಗ್ಗುತ್ತದೆ, ಟ್ರ್ಯಾಕು ಸರಿಯುತ್ತದೆ. ಡ್ರೈವಿನ ಕೋಣೆಯ ಉಷ್ಣತೆಗೆ ಒಗ್ಗುವವರೆಗೆ ಬಿಡಿ.

ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಹೆಡ್ ಕ್ರ್ಯಾಶ್ ಆದ ಪ್ಯಾಕನ್ನು ‘ಪ್ಯಾಕಿನ ದೋಷವೋ ಡ್ರೈವಿನದೋ ನೋಡೋಣ’ ಎಂದು ಪಕ್ಕದ ಡ್ರೈವಿಗೆ ಹಾಕುವುದು. ಕೆತ್ತಿದ ಮೇಲ್ಮೈ ಆ ಡ್ರೈವಿನ ಹೆಡ್ಡನ್ನೂ ಹಾಳು ಮಾಡುತ್ತದೆ. ಆಮೇಲೆ ಅದೇ ಡ್ರೈವಿಗೆ ಒಳ್ಳೆಯ ಪ್ಯಾಕು ಹಾಕಿದರೆ ಅದೂ ಹೋಯಿತು. ಒಂದು ಮಧ್ಯಾಹ್ನದಲ್ಲಿ ಇಡೀ ಸಾಲು ಮಲಗುತ್ತದೆ. ಶಂಕೆ ಬಂದರೆ ಪ್ಯಾಕು ಇಳಿಸಿ, ತಟ್ಟೆಗಳ ನಡುವೆ ಟಾರ್ಚ್ ಹಿಡಿದು ಉಂಗುರದ ಗೆರೆ ಇದೆಯೇ ನೋಡಿ. ಹೆಡ್ಡಿನ ಮೇಲೆ ಕಂದು ಪುಡಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಹೆಡ್ ಬದಲಾಯಿಸಿದ ಮೇಲೆ ಸಿಇ ಪ್ಯಾಕ್ (ಹೊಂದಾಣಿಕೆಗೆಂದೇ ಇರುವ ಪ್ಯಾಕು) ಹಾಕಿ ಆಸಿಲೋಸ್ಕೋಪಿನಲ್ಲಿ ಹೊಂದಾಣಿಕೆ ಮಾಡದೆ ಬರೆಯಲು ಬಿಡಬೇಡಿ. ಬಿಟ್ಟರೆ ಆ ಡ್ರೈವಿನಲ್ಲಿ ಬರೆದ ಪ್ಯಾಕು ಆ ಡ್ರೈವಿಗೆ ಮಾತ್ರ ಓದಲು ಬರುತ್ತದೆ.

ಮಲೆನಾಡ್_ಮಾಡೆಮ್

ಇದರ ಮುಂದುವರಿಕೆಯೇ ಸಿಡಿಸಿಯ ರೆನ್ ಡಿಸ್ಕ್ ಸರಣಿ ಮತ್ತು ಪಿಸಿಗೆ ಡಿಸ್ಕ್ ಜೋಡಿಸುವ ಐಡಿಇ ಇಂಟರ್‌ಫೇಸ್ ಅಲ್ಲವೇ? ಐಡಿಇ ಸಿಡಿಸಿಯದೇ ಆವಿಷ್ಕಾರ ಎಂದು ಕೆಲವರು ಬರೆಯುತ್ತಾರೆ.

ಹದಿನಾಲ್ಕಿಂಚು

ಅದು ಅತಿಯಾಯಿತು. ಐಡಿಇ ಮೂರು ಕಂಪನಿಗಳ ಜಂಟಿ ಕೆಲಸ: ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್, ಕಂಟ್ರೋಲ್ ಡೇಟಾ. 1986ರಲ್ಲಿ ಕಾಂಪ್ಯಾಕ್ ಪಿಸಿಗಳಲ್ಲಿ ಮೊದಲು ಬಂತು. ಕಂಟ್ರೋಲರನ್ನು ಡ್ರೈವಿನ ಮೇಲೇ ಕೂರಿಸಿದ್ದು ಮುಖ್ಯ ಹೆಜ್ಜೆ. ಎಸ್‌ಎಂಡಿಯಲ್ಲಿ ಮೇಲೆ ಹೇಳಿದ ಸೆಕ್ಟರ್ ಸ್ವಿಚ್ಚು, ಬಿ ಕೇಬಲ್ಲಿನ ಗೋಳೆಲ್ಲ ಅದರಿಂದ ತಪ್ಪಿತು. ಡಿಸ್ಕ್ ವಿಭಾಗ ಆಮೇಲೆ ಇಂಪ್ರಿಮಿಸ್ ಎಂಬ ಹೆಸರಲ್ಲಿ ಬೇರೆಯಾಗಿ 1989ರಲ್ಲಿ ಸೀಗೇಟ್ ಪಾಲಾಯಿತು. 6600 ಈಗ ಮ್ಯೂಸಿಯಂನಲ್ಲಿದೆ, ಆ ಡಿಸ್ಕಿನ ವಂಶ ನಿಮ್ಮ ಮೇಜಿನ ಕೆಳಗೇ ಇದ್ದೀತು. ನನ್ನ ಮಟ್ಟಿಗೆ ಕಂಪನಿಯ ದೊಡ್ಡ ಕೊಡುಗೆ ಇದೇ.

ಹಳೇಲೆಕ್ಕ

ಇದನ್ನು ಒಪ್ಪುವುದು ಕಷ್ಟ. ಕಂಪ್ಯೂಟರಿನಲ್ಲೇ ಪಾಠ ಕಲಿಸುವ ಪ್ಲೇಟೊ ವ್ಯವಸ್ಥೆ?

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಕಟ್ಟಿದ್ದು, ಸಿಡಿಸಿ ಯಂತ್ರಗಳ ಮೇಲೆ ಓಡುತ್ತಿತ್ತು, 1976ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಗೆ ಒಯ್ದಿತು. 512×512 ಚುಕ್ಕಿಯ ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆ, ಅದರ ಮೇಲೆ 16×16 ಚೌಕದ ಇನ್‌ಫ್ರಾರೆಡ್ ಟಚ್. ಪ್ಲಾಸ್ಮಾ ತಾನೇ ಚಿತ್ರ ನೆನಪಿಡುವುದರಿಂದ ಟರ್ಮಿನಲ್ಲಿಗೆ ದುಬಾರಿ ಮೆಮೊರಿ ಬೇಡ, ಫೋನ್ ಲೈನಿನಲ್ಲಿ ಬದಲಾದದ್ದನ್ನು ಮಾತ್ರ ಕಳಿಸಿದರೆ ಸಾಕು. ಅಕ್ಷರದ ಚೌಕಟ್ಟು 8×16 ಚುಕ್ಕಿ, ಹಾಗಾಗಿ ಪರದೆಗೆ 32 ಸಾಲು, ಸಾಲಿಗೆ 64 ಅಕ್ಷರ. ಪಾಠ ಬರೆಯುವ ಟ್ಯೂಟರ್ ಭಾಷೆಯಲ್ಲಿ ‘ಅಟ್ 1812’ ಅಂದರೆ 18ನೇ ಸಾಲು, 12ನೇ ಕಂಬ. ಟರ್ಮಿನಲ್ಲಿಗೆ ಬೇಕಾದ ಲಿಪಿಯ ಅಕ್ಷರಗಳನ್ನು ಪಾಠವೇ ಇಳಿಸಬಹುದಿತ್ತು, 126ರವರೆಗೆ. ನಮ್ಮ ಒತ್ತಕ್ಷರಗಳಿಗೆ 16 ಚುಕ್ಕಿಯ ಎತ್ತರ ಬಿಗಿಯಾಗುತ್ತಿತ್ತು, ಆ ಮಾತು ಬೇರೆ.

ನೂರಾರು ವಿದ್ಯಾರ್ಥಿಗಳಿಗೆ ತಕ್ಷಣ ಉತ್ತರ ಕೊಡಲು ಸಾಧ್ಯವಾದದ್ದು ಎಕ್ಸ್‌ಟೆಂಡೆಡ್ ಕೋರ್ ಸ್ಟೋರೇಜಿನಿಂದ. ಒಬ್ಬೊಬ್ಬರ ಸ್ಥಿತಿಯನ್ನು ಡಿಸ್ಕಿಗೆ ಬರೆಯದೆ ಆ ದೊಡ್ಡ ಕೋರಿನಲ್ಲಿಟ್ಟು ಒಳಗೆ ಹೊರಗೆ ಮಾಡುತ್ತಿದ್ದರು. 1973ರಲ್ಲಿ ಅದರ ಮೇಲೆ ಬಂದ ನೋಟ್ಸ್, ಟಾಕೊಮ್ಯಾಟಿಕ್ ಇವತ್ತಿನ ಚರ್ಚೆ, ಚಾಟ್‌ಗಳ ಅಜ್ಜಂದಿರು.

ಸಾಗರದಾಚೆ

ವ್ಯಾಪಾರದ ಕಡೆಯೂ ಎರಡು ಮಾತು, ಇಲ್ಲದಿದ್ದರೆ ಇಷ್ಟೆಲ್ಲ ಹೇಗೆ ನಡೆಯಿತು ಎನ್ನುವುದು ತಿಳಿಯುವುದಿಲ್ಲ. ವಿಲಿಯಂ ನಾರಿಸ್ ಮತ್ತು ಜೊತೆಗಾರರು 1957ರಲ್ಲಿ ಸ್ಪೆರಿ ರ‍್ಯಾಂಡ್ ಬಿಟ್ಟು ಮಿನಿಯಾಪೊಲಿಸ್‌ನಲ್ಲಿ ಶುರು ಮಾಡಿದ ಕಂಪನಿ. 1968ರಲ್ಲಿ ಕಮರ್ಷಿಯಲ್ ಕ್ರೆಡಿಟ್ ಎಂಬ ಸಾಲ ಕೊಡುವ ಸಂಸ್ಥೆಯನ್ನು ಕೊಂಡಿತು. ಯಂತ್ರಗಳು ಬಾಡಿಗೆಗೆ ಹೋಗುತ್ತಿದ್ದ ಕಾಲ, ಬಾಡಿಗೆ ಬರುವವರೆಗೆ ಬಂಡವಾಳ ಬೇಕಲ್ಲ. ಅದೇ ಡಿಸೆಂಬರಿನಲ್ಲಿ ಐಬಿಎಂ ಮೇಲೆ ಮೊಕದ್ದಮೆ. ಇನ್ನೂ ತಯಾರಾಗದ ಯಂತ್ರವನ್ನು ಘೋಷಿಸಿ ತನ್ನ ಗಿರಾಕಿಗಳನ್ನು ತಡೆದರು ಎನ್ನುವುದು ದೂರಿನ ಮುಖ್ಯ ಭಾಗ. 1973ರ ರಾಜಿಯಲ್ಲಿ ಐಬಿಎಂನ ಸರ್ವೀಸ್ ಬ್ಯೂರೊ ಸಿಡಿಸಿ ಕೈಗೆ ಬಂತು.

ಕಬ್ಬನ್‌ಪೇಟೆ_ಕಂಪೈಲರ್

ಸಿಡಿಸಿಯ ಸ್ಟಾರ್-100 ಯಾಕೆ ಸೋತಿತು? ಒಂದೇ ಆಜ್ಞೆಗೆ ಸಂಖ್ಯೆಗಳ ಇಡೀ ಸಾಲನ್ನ ಲೆಕ್ಕ ಹಾಕೋ ವೆಕ್ಟರ್ ಯಂತ್ರ ಅಂದ್ರೆ ವೇಗ ಇರಬೇಕಿತ್ತಲ್ಲ.

ಅರವತ್ತುಬಿಟ್

ವೆಕ್ಟರ್ ರಿಜಿಸ್ಟರ್ ಇರಲಿಲ್ಲ. ಮೆಮೊರಿಯಿಂದ ಎತ್ತಿ ಮೆಮೊರಿಗೇ ಹಾಕೋ ಪೈಪ್‌ಲೈನು. ಶುರುವಾಗೋಕೇ ಬಹಳ ಕ್ಲಾಕ್ ತಿನ್ನತ್ತೆ, ಸಾವಿರಾರು ಅಂಶದ ವೆಕ್ಟರ್ ಆದ್ರೆ ಅದು ಲೆಕ್ಕಕ್ಕಿಲ್ಲ, ಐವತ್ತರದ್ದಾದ್ರೆ ಆರಂಭದಲ್ಲೇ ಆಯಸ್ಸು ಮುಗೀತು. ಮೇಲಾಗಿ ಅಂಶಗಳು ಮೆಮೊರಿಯಲ್ಲಿ ಒತ್ತಟ್ಟಿಗೆ ಇರಲೇಬೇಕು. ಫೋರ್ಟ್ರಾನ್ ಸರಣಿಯ ಅಡ್ಡಸಾಲು ಬೇಕಂದ್ರೆ ಮೊದಲು ಗ್ಯಾದರ್ ಮಾಡಿ ಒಟ್ಟುಮಾಡಬೇಕು. ಸ್ಕೇಲಾರ್ (ಒಂದೊಂದೇ ಸಂಖ್ಯೆಯ ಲೆಕ್ಕದ) ಭಾಗವೂ ನಿಧಾನ. 1981ರ ಸೈಬರ್ 205ರಲ್ಲಿ ಸ್ಕೇಲಾರ್ ಸರಿಮಾಡಿದರು, ವೆಕ್ಟರ್ ಉದ್ದ 65,535ರವರೆಗೆ. ಅದಕ್ಕೆ ಬರೆಯೋರು ಎರಡು ಆಯಾಮದ ಸರಣಿಯನ್ನ ಒಂದೇ ಉದ್ದ ವೆಕ್ಟರಾಗಿ ಚಪ್ಪಟೆ ಮಾಡಿ, ಗಡಿಯ ಅಂಶಗಳನ್ನ ಬಿಟ್-ವೆಕ್ಟರ್‌ನಿಂದ ಮುಚ್ಚಿ ಓಡಿಸ್ತಿದ್ದರು. ಅದರ ಮುಂದಿನ ಇಟಿಎ-10 ದ್ರವ ನೈಟ್ರೋಜನ್ನಿನಲ್ಲಿ ಸೀಮಾಸ್ ಚಿಪ್‌ಗಳನ್ನ ಮುಳುಗಿಸಿ ಓಡಿಸಿತು. ಯಂತ್ರ ಚೆನ್ನಾಗೇ ಇತ್ತು, ಸಾಫ್ಟ್‌ವೇರ್ ತಡವಾಯ್ತು, 1989ರ ಏಪ್ರಿಲ್‌ನಲ್ಲಿ ಇಟಿಎ ಬಾಗಿಲು ಮುಚ್ಚಿತು.

ಕಬ್ಬನ್‌ಪೇಟೆ_ಕಂಪೈಲರ್

ಕೊನೇದಾಗಿ, ನಾಸ್ ನಿಲ್ಲಿಸೋದು ಹೇಗೆ? ಕಿಟಕಿ ಮುಚ್ಚಿದ್ರೆ ನಡೆಯತ್ತಾ?

ಮಲೆನಾಡ್_ಮಾಡೆಮ್

ಖಂಡಿತ ಬೇಡ ಮಾರಾಯ್ರೆ. ಡಿಸ್ಕಿನ ಯಾವ ಟ್ರ್ಯಾಕು ಯಾರದು ಎನ್ನುವ ಕೋಷ್ಟಕ ಮೆಮೊರಿಯಲ್ಲಿರುತ್ತದೆ. ಅದನ್ನು ಡಿಸ್ಕಿಗೆ ಬರೆಯದೆ ಮುಚ್ಚಿದರೆ ಮುಂದಿನ ಡೆಡ್‌ಸ್ಟಾರ್ಟಿನಲ್ಲಿ ಹಳೆಯ ಕೋಷ್ಟಕ ಬರುತ್ತದೆ. ಹೊಸ ಫೈಲು ಬರೆದ ಟ್ರ್ಯಾಕು ಅದರಲ್ಲಿ ‘ಖಾಲಿ’ ಎಂದೇ ಇರಬಹುದು, ಅದರ ಮೇಲೆ ಇನ್ನೊಂದು ಕೂರುತ್ತದೆ.

ಟರ್ಮಿನಲ್ಲುಗಳಿಂದ ‘ಬೈ’ ಹೇಳಿ ಹೊರಬನ್ನಿ. ಸೇವ್ ಅಥವಾ ರೀಪ್ಲೇಸ್ ಮಾಡದ ಲೋಕಲ್ ಫೈಲು ಅಲ್ಲಿಗೇ ಹೋಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಕನ್ಸೋಲ್ ಕಿಟಕಿಯಲ್ಲಿ ‘ಅನ್‌ಲಾಕ್.’ ಎಂದು ಟೈಪಿಸಿ, ಕೊನೆಯ ಚುಕ್ಕಿ ಸೇರಿಸಿ ಎಂಟರ್. ನಂತರ ‘ಚೆಕ್ ಪಾಯಿಂಟ್ ಸಿಸ್ಟಮ್.’ ಎರಡು ಮೂರು ಅಕ್ಷರ ಒತ್ತಿದರೆ ಉಳಿದದ್ದನ್ನು ಡಿಎಸ್‌ಡಿ ತಾನೇ ತುಂಬುತ್ತದೆ, ಗಾಬರಿಯಾಗಿ ಪೂರ್ತಿ ಟೈಪ್ ಮಾಡಲು ಹೋಗಬೇಡಿ. ಚೆಕ್‌ಪಾಯಿಂಟ್ ಮುಗಿಯುವವರೆಗೆ ಕಾಯಿರಿ. ಮುಗಿದ ಮೇಲೆ ‘ಸ್ಟೆಪ್.’ ಪರದೆಯ ಚಲನೆ ನಿಂತ ನಂತರ ಎಮ್ಯುಲೇಟರಿನ ಆಪರೇಟರ್ ಕಿಟಕಿಗೆ ಬಂದು ‘ಶಟ್‌ಡೌನ್’. ಚೆಕ್‌ಪಾಯಿಂಟಿಗೆ ಮೊದಲೇ ಸ್ಟೆಪ್ ಕೊಟ್ಟರೆ ಪೆರಿಫೆರಲ್‌ಗಳು ನಡುದಾರಿಯಲ್ಲೇ ನಿಲ್ಲುತ್ತವೆ, ಕೋಷ್ಟಕ ಡಿಸ್ಕಿಗೆ ಹೋಗಿರುವುದಿಲ್ಲ. ಮತ್ತೆ ಅದೇ ಗೋಳು.

ಎಮ್ಯುಲೇಟರ್ ಪೂರ್ತಿ ನಿಂತ ಮೇಲೆ ಡಿಸ್ಕ್ ಫೈಲುಗಳಿರುವ ಫೋಲ್ಡರನ್ನು ಒಮ್ಮೆ ನಕಲು ಮಾಡಿಡಿ. ಓಡುತ್ತಿರುವಾಗ ತೆಗೆದ ನಕಲು ಕೆಲಸಕ್ಕೆ ಬಾರದು.